ಕೊಡಗಿನ ಏರು-ಇಳಿಜಾರಿನಲ್ಲಿ ಪಿಕಪ್: ಲೋಡು, ಬ್ರೇಕು, ಮಳೆ ಮತ್ತು ವಾರದ ಆರೈಕೆ

ಮಡಿಕೇರಿಯಿಂದ ಸಂಪಾಜೆಗೆ ಸುಮಾರು 30 ಕಿಲೋಮೀಟರ್. ಅಷ್ಟು ದೂರದಲ್ಲಿ ರಸ್ತೆ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗಿಳಿಯುತ್ತದೆ. ಲೋಡು ಸೇರಿ 3 ಟನ್ ತೂಗುವ ಪಿಕಪ್ ಈ ಇಳಿಜಾರು ಮುಗಿಸುವಷ್ಟರಲ್ಲಿ ಹೊರಬರುವ ಶಾಖ 80 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಬಚ್ಚಲ ಹಂಡೆ ತುಂಬಿ ಕೊತಕೊತ ಕುದಿಯುವಷ್ಟು. ಗೇರು ಸರಿಯಾಗಿದ್ದರೆ ಅದರ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಂಡು ಸೈಲೆನ್ಸರ್, ರೇಡಿಯೇಟರ್ ಮೂಲಕ ಹೊರಹಾಕುತ್ತದೆ. ಗೇರು ತಪ್ಪಿದರೆ ಅಷ್ಟೂ ಶಾಖ ನಾಲ್ಕು ಚಕ್ರದ ಬ್ರೇಕಿನ ಮೇಲೆಯೇ ಬೀಳುತ್ತದೆ. ಕೊಡಗಿನಲ್ಲಿ ಪಿಕಪ್ ಓಡಿಸುವವರು ಮೊದಲು ತಿಳಿಯಬೇಕಾದದ್ದು ಇದು. ಗಾಡಿ ಎಷ್ಟು ತೂಗುತ್ತದೆ, ಆ ತೂಕವನ್ನು ಯಾವುದು ಹಿಡಿದಿದೆ ಎಂಬ ಲೆಕ್ಕ ಚಾಲಕರ ತಲೆಯಲ್ಲಿ ಸದಾ ಇರಬೇಕು.

ಮೊದಲು ತೂಕದ ಲೆಕ್ಕ

ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡಿ. ಅದರಲ್ಲಿ ಎರಡು ಅಂಕಿಗಳಿವೆ: ಗಾಡಿಯ ಖಾಲಿ ತೂಕ ಮತ್ತು ಲೋಡು ಸೇರಿದ ಒಟ್ಟು ತೂಕ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಖಾಲಿ ತೂಕದಲ್ಲಿ ಚಾಲಕರಾಗಲಿ ಜೊತೆಗಾರರಾಗಲಿ ಸೇರಿಲ್ಲ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಉದಾಹರಣೆಗೆ ಒಟ್ಟು 2,950 ಕೆಜಿ, ಖಾಲಿ 1,700 ಕೆಜಿ ಎಂದಿದ್ದರೆ ಉಳಿಯುವುದು 1,250 ಕೆಜಿ. ಕ್ಯಾಬಿನ್‌ನಲ್ಲಿ ಮೂರು ಜನ ಕೂತರೆ 200 ಕೆಜಿ ಹೋಯಿತು. ಟಾರ್ಪಾಲು, ಹಗ್ಗ, ಜಾಕಿ, ಸಾಮಾನಿಗೆ 50 ಕೆಜಿ. ಉಳಿದದ್ದು ಸಾವಿರ ಕೆಜಿ, ಅಂದರೆ 50 ಕೆಜಿಯ 20 ಮೂಟೆ ಕಾಫಿ. ಕಣದಲ್ಲಿ ನಿಂತು "ಇನ್ನೊಂದು ಹತ್ತು ಮೂಟೆ ಹಾಕಿಬಿಡಿ, ಎರಡನೇ ಟ್ರಿಪ್ ಯಾಕೆ" ಎನ್ನುವುದು ಸುಲಭ. ಆ ಹತ್ತು ಮೂಟೆ ಅರ್ಧ ಟನ್.

ತೋಟದಲ್ಲಿ ದಿನವೂ ಓಡಾಡುವ ಸಾಮಾನಿನ ತೂಕ ಬಾಯಿಪಾಠ ಇರಲಿ. ಯೂರಿಯಾ ಚೀಲ ಈಗ 45 ಕೆಜಿ, ಡಿಎಪಿ ಮತ್ತು ಸಿಮೆಂಟ್ 50 ಕೆಜಿ, ಶುಂಠಿ ಮೂಟೆ 60 ಕೆಜಿ. ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ನೀರೇ ಒಂದು ಟನ್. ಒಂದು ಘನ ಅಡಿ ಒಣ ಮರಳು ಸುಮಾರು 45 ಕೆಜಿ, ಒದ್ದೆಯಾದರೆ 50 ದಾಟುತ್ತದೆ. ಹಸಿ ಸೌದೆ ಕಣ್ಣಂದಾಜಿಗೆ ಸಿಗುವುದೇ ಇಲ್ಲ. ಅನುಮಾನ ಬಂದರೆ ವೇಬ್ರಿಡ್ಜಿಗೆ ಹಾಕಿ.

ಭಾರ ಹೆಚ್ಚು ಹೊರಲೆಂದು ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಸೇರಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಇದರಿಂದ ಆಗುವ ಅಪಾಯವನ್ನು ಬಿಡಿಸಿ ಹೇಳಲೇಬೇಕು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ಸಣ್ಣ ಸರಳು ಕಾಣುತ್ತದೆ. ಅದು ಲೋಡಿಗೆ ತಕ್ಕಂತೆ ಹಿಂಬ್ರೇಕಿನ ಒತ್ತಡ ಹೆಚ್ಚು-ಕಡಿಮೆ ಮಾಡುವ ವಾಲ್ವಿನದು. ಲೋಡು ಬಿದ್ದು ಗಾಡಿ ತಗ್ಗಿದರೆ ಹಿಂಬ್ರೇಕಿಗೆ ಹೆಚ್ಚು ಒತ್ತಡ, ಖಾಲಿ ಇದ್ದರೆ ಕಡಿಮೆ. ಪ್ಲೇಟ್ ಸೇರಿಸಿದ ಗಾಡಿ ಲೋಡು ಹಾಕಿದರೂ ತಗ್ಗುವುದಿಲ್ಲ. ವಾಲ್ವಿಗೆ ಗಾಡಿ ಖಾಲಿ ಇದ್ದಂತೆಯೇ ಲೆಕ್ಕ. ಭಾರ ಹೆಚ್ಚಿದಾಗಲೇ ಹಿಂಬ್ರೇಕು ಕಡಿಮೆ ಹಿಡಿಯುತ್ತದೆ, ಇಡೀ ಹೊರೆ ಮುಂದಿನ ಡಿಸ್ಕಿನ ಮೇಲೆ ಬೀಳುತ್ತದೆ. ಪ್ಲೇಟ್ ಸೇರಿಸಿದ ಮಾತ್ರಕ್ಕೆ ಬ್ರೇಕು, ಆಕ್ಸಲ್, ಬೇರಿಂಗ್, ಟೈರುಗಳ ತಾಕತ್ತು ಹೆಚ್ಚುವುದೂ ಇಲ್ಲ. ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಮಿತಿ ಮೀರಿದ ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000.

ಹಿಂಬದಿಯ ತೊಟ್ಟಿಯಲ್ಲಿ ಜನರನ್ನು ತುಂಬಬೇಡಿ. ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಕೆಲಸದವರನ್ನು ನಿಲ್ಲಿಸಿಕೊಂಡು ಹೋಗುವ ಪಿಕಪ್‌ಗಳನ್ನು ಕೊಡಗಿನ ಯಾವ ರಸ್ತೆಯಲ್ಲೂ ಕಾಣಬಹುದು. ನಿಂತ ಇಪ್ಪತ್ತು ಜನರೆಂದರೆ ಸಾವಿರ ಕೆಜಿಗೂ ಹೆಚ್ಚು ತೂಕ, ಅದೂ ಎದೆಮಟ್ಟದ ಎತ್ತರದಲ್ಲಿ, ತಿರುವಿನಲ್ಲಿ ಒಂದೇ ಕಡೆಗೆ ವಾಲುವ ತೂಕ. ಮೂಟೆಯನ್ನು ಕಟ್ಟಿ ನಿಲ್ಲಿಸಬಹುದು, ಮನುಷ್ಯರನ್ನು ಹಾಗೆ ಕಟ್ಟಲಾಗುವುದಿಲ್ಲ. ಸರಕು ವಾಹನದ ವಿಮೆ ಹೀಗೆ ಸಾಗಿಸಿದ ಜನರ ಹೊಣೆ ಹೊರುವುದಿಲ್ಲ. ಆ ಕುಟುಂಬಗಳಿಗೆ ಸಿಗಬೇಕಾದ ಪರಿಹಾರವೂ ಕೋರ್ಟು-ಕಚೇರಿಯ ಅಲೆದಾಟದಲ್ಲಿ ಸಿಕ್ಕಿಬೀಳುತ್ತದೆ. ಜೀಪು, ವ್ಯಾನು, ಎರಡು ಟ್ರಿಪ್, ಏನಾದರೂ ಮಾಡಿ.

ಲೋಡು ಹೇರುವ ಕ್ರಮ

ಭಾರದ ಮೂಟೆಗಳು ಕ್ಯಾಬಿನ್ನಿನ ಹಿಂಗೋಡೆಗೆ ಒತ್ತಿ ಕೂರಬೇಕು. ನಡುವೆ ಒಂದಡಿ ಖಾಲಿ ಬಿಟ್ಟರೆ ಜೋರಾಗಿ ಬ್ರೇಕ್ ಹಾಕಿದಾಗ ಇಡೀ ಸಾಲು ಮುಂದಕ್ಕೆ ಜಾರಿ ಗುದ್ದುತ್ತದೆ. ಮೊದಲ ಸಾಲನ್ನು ಉದ್ದಕ್ಕೆ, ಮೇಲಿನದನ್ನು ಅಡ್ಡಕ್ಕೆ, ಇಟ್ಟಿಗೆ ಕಟ್ಟಿದ ಹಾಗೆ ಒಂದರ ಸಂದಿನ ಮೇಲೆ ಇನ್ನೊಂದು ಬರುವಂತೆ ಹಾಕಿ. ತೂಕದ ನಡುಭಾಗ ಹಿಂದಿನ ಆಕ್ಸಲ್‌ನ ಸ್ವಲ್ಪ ಮುಂದೆ ಬೀಳಬೇಕು. ಆಕ್ಸಲ್‌ನಿಂದ ಹಿಂದಕ್ಕೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗಿ, ಏರಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ. ಮುಂದಿನ ದೀಪದ ಬೆಳಕೂ ಮರದ ತುದಿಗೆ ಏರುತ್ತದೆ.

ಔಷಧಿ ಹೊಡೆಯಲು ಒಯ್ಯುವ ನೀರಿನ ಟ್ಯಾಂಕ್ ಪೂರ್ತಿ ತುಂಬಿರಬೇಕು, ಇಲ್ಲವೇ ಖಾಲಿ ಇರಬೇಕು. ಅರ್ಧ ತುಂಬಿದ ಟ್ಯಾಂಕಿನ ನೀರು ಒಂದು ತಿರುವಿನಲ್ಲಿ ಎಡಕ್ಕೆ ಬಡಿದು, ಮರುಕ್ಷಣ ಮುಂದಿನ ತಿರುವಿನಲ್ಲಿ ಬಲಕ್ಕೆ ಬಡಿಯುತ್ತದೆ. ಗಾಡಿ ಮಗುಚಲು ಅಷ್ಟು ಸಾಕು. ಪೂರ್ತಿ ತುಂಬಿದರೆ ತೂಕದ ಮಿತಿ ಮೀರುವ ಹಾಗಿದ್ದರೆ ಸಣ್ಣ ಟ್ಯಾಂಕ್ ಇಡಿ.

ಹಗ್ಗವನ್ನು ಹತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ಮೂಟೆಗಳು ಕೂರುತ್ತಿದ್ದಂತೆ ಮೊದಲಿನ ಬಿಗಿ ಸಡಿಲವಾಗಿರುತ್ತದೆ.

ಘಾಟಿಗೆ ಮುಂಚೆ ಐದು ನಿಮಿಷ

ಸಂಪಾಜೆ ಘಾಟಿಯಾಗಲಿ, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ದಾರಿಯಾಗಲಿ, ಭಾಗಮಂಡಲದಿಂದ ಕರಿಕೆಗೆ ಹೋಗುವ ಕಿರಿದಾದ ರಸ್ತೆಯಾಗಲಿ, ಇಳಿಯುವ ಮುನ್ನ ಸಮತಟ್ಟಾದ ಕಡೆ ನಿಲ್ಲಿಸಿ ಇಷ್ಟು ನೋಡಿ.

1. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತದೆ. ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ನಿಮ್ಮ ಕಾಲಿನ ಬಲ ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುತ್ತಿಲ್ಲ.
2. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಗಟ್ಟಿಯಾಗಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗೆ ಹೋಗುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಆ ಗಾಡಿಯಲ್ಲಿ ಘಾಟಿ ಇಳಿಯಬಾರದು.
3. ನಾಲ್ಕೂ ಚಕ್ರಗಳ ಒಳಮೈ ನೋಡಿ. ಒದ್ದೆ ಗೆರೆ ಕಂಡರೆ ಬೆರಳಿಂದ ಮುಟ್ಟಿ. ನೀರಾದರೆ ಸರಿ. ಜಿಡ್ಡಾದರೆ ಬ್ರೇಕ್ ಆಯಿಲ್ ಅಥವಾ ಹಬ್ಬಿನ ಗ್ರೀಸ್.
4. ಬಾಟಲಿಯಲ್ಲಿ ಬ್ರೇಕ್ ಆಯಿಲ್ ಮಟ್ಟ, ಟೈರಿನ ಗಾಳಿ, ಹಿಂದಿನ ಬ್ರೇಕ್ ದೀಪ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕೊಡಗಿನಲ್ಲಿ ತೇವಕ್ಕೆ ಬರವಿಲ್ಲ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಹೀರಿದ ಮೇಲೆ ಅದೇ ಆಯಿಲ್ 140ರ ಸುಮಾರಿಗೆ ಕುದಿಯಬಹುದು. ಡಾಟ್ 4 ಆದರೆ 230 ಮತ್ತು 155. ಘಾಟಿಯಲ್ಲಿ ಕ್ಯಾಲಿಪರ್ ಕಾದಾಗ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಕಟ್ಟುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುವುದರಿಂದ ನೀವು ಒತ್ತಿದ ಬಲ ಚಕ್ರಕ್ಕೆ ತಲುಪುವುದೇ ಇಲ್ಲ. "ಬ್ರೇಕು ಸ್ಪಂಜಿನ ಹಾಗೆ ಆಯಿತು, ನೆಲಕ್ಕೆ ಹೋಯಿತು" ಎನ್ನುವ ಅನೇಕ ಪ್ರಕರಣಗಳ ಹಿಂದೆ ಇರುವುದು ಇದು. ಗಾಡಿ ತಣ್ಣಗಾದ ಮೇಲೆ ಬ್ರೇಕು ಮತ್ತೆ ಸರಿಯಾಗುವುದರಿಂದ ಕಾರಣ ಯಾರಿಗೂ ಸಿಗುವುದಿಲ್ಲ. ಬಣ್ಣ ಚೆನ್ನಾಗಿ ಕಂಡರೂ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕಂಪನಿ ಯಾವ ದರ್ಜೆ ಹೇಳಿದೆಯೋ ಅದನ್ನೇ ಹಾಕಿ. ಅರ್ಧ ಉಳಿದ ಹಳೆಯ ಡಬ್ಬಿಯದನ್ನು ಸುರಿಯಬೇಡಿ.

ಇಳಿಯುವಾಗ

ಯಾವ ಗೇರಿನಲ್ಲಿ ಆ ದಾರಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಲೋಡಿದ್ದರೆ ಅದಕ್ಕಿಂತ ಒಂದು ಕೆಳಗೆ. ಗೇರು ಹಾಕುವುದು ಇಳಿಜಾರು ಶುರುವಾಗುವ ಮೊದಲು. ಅರ್ಧ ಇಳಿದು ವೇಗ ಏರಿದ ಮೇಲೆ ಮೂರರಿಂದ ಎರಡಕ್ಕೆ ಎಳೆಯಲು ಹೋಗಿ, ಗೇರು ಬೀಳದೆ ನ್ಯೂಟ್ರಲಿನಲ್ಲೇ ಸಿಕ್ಕಿಕೊಂಡರೆ ಇರುವ ಎಂಜಿನ್ ತಡೆಯೂ ಹೋಗುತ್ತದೆ.

ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲಿನಲ್ಲಿ ಬಿಡುವುದರಲ್ಲಿ ಲಾಭವೇ ಇಲ್ಲ. ಈಗಿನ ಡೀಸೆಲ್ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲಿಗೆ ಹಾಕಿದರೆ ಎಂಜಿನ್ ತಾನು ಓಡಲು ಡೀಸೆಲ್ ಕುಡಿಯುತ್ತದೆ. ಕೀ ತಿರುಗಿಸಿ ಆಫ್ ಮಾಡುವುದಂತೂ ಪ್ರಾಣಕ್ಕೇ ಅಪಾಯ. ಎರಡು-ಮೂರು ಸಲ ಬ್ರೇಕ್ ಒತ್ತಿದ ಮೇಲೆ ಬೂಸ್ಟರ್ ಖಾಲಿ, ಪವರ್ ಸ್ಟೀರಿಂಗ್ ಕಲ್ಲು. ಕೀ ಹೊರಗೆ ಬಂದರೆ ಸ್ಟೀರಿಂಗ್ ಲಾಕ್ ಬೀಳುತ್ತದೆ.

ಬ್ರೇಕನ್ನು ಉದ್ದಕ್ಕೂ ಹಗುರವಾಗಿ ಒತ್ತಿಕೊಂಡೇ ಇರಬೇಡಿ. ನಿಮ್ಮ ಮಿತಿ 30 ಕಿ.ಮೀ. ಎಂದುಕೊಂಡಿದ್ದರೆ, ಮುಳ್ಳು 30 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 20ಕ್ಕೆ ಇಳಿಸಿ, ಕಾಲು ಪೂರ್ತಿ ತೆಗೆಯಿರಿ. ಮತ್ತೆ 30 ಮುಟ್ಟುವವರೆಗೆ ಡ್ರಮ್ಮಿಗೆ, ಡಿಸ್ಕಿಗೆ ಗಾಳಿ ಆಡಲಿ. 30 ಮುಟ್ಟಲು ಹತ್ತು ಸೆಕೆಂಡೂ ಹಿಡಿಯುತ್ತಿಲ್ಲ, ಪದೇ ಪದೇ ಒತ್ತಬೇಕಾಗುತ್ತಿದೆ ಎಂದರೆ ಗೇರು ಮೇಲಿದೆ ಎಂದರ್ಥ. 20ಕ್ಕೆ ಇಳಿಸಿದ ಹೊತ್ತಿನಲ್ಲಿ ಇನ್ನೊಂದು ಗೇರು ಕೆಳಗೆ ಹಾಕಿ.

ಸುಟ್ಟ ಬ್ರೇಕ್ ಲೈನರಿನ ವಾಸನೆ ಒಂದು ಸಲ ಬಂದರೂ ಅದನ್ನು ಎಚ್ಚರಿಕೆ ಎಂದು ತೆಗೆದುಕೊಳ್ಳಿ. ಅಗಲವಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಗೇರಿನಲ್ಲಿಟ್ಟು ಅರ್ಧ ಗಂಟೆ ಬಿಡಿ. ಕಾದ ಡ್ರಮ್ಮಿಗೆ ಬಕೆಟ್ ನೀರು ಎರಚಬೇಡಿ. ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಕಾದ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದು ಬಿಡುವುದೂ ಬೇಡ. ತಣಿಯುತ್ತಾ ಡ್ರಮ್ ಕುಗ್ಗಿ ಶೂ ಕಚ್ಚಿಕೊಳ್ಳಬಹುದು.

ಬ್ರೇಕು ಪೂರ್ತಿ ಕೈಕೊಟ್ಟರೆ ಮಾಡಬೇಕಾದದ್ದು ಹೀಗೆ. ಪೆಡಲನ್ನು ಬೇಗ ಬೇಗ ಒತ್ತಿ ಬಿಡುತ್ತಿರಿ, ಸ್ವಲ್ಪ ಒತ್ತಡ ಮರಳಬಹುದು. ಜೊತೆಗೇ ಒಂದೊಂದೇ ಗೇರು ಕೆಳಗೆ ಇಳಿಸಿ. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದು ಮೆಲ್ಲಗೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂಚಕ್ರ ಕಚ್ಚಿ ಗಾಡಿ ತಿರುಗುತ್ತದೆ. ಆಗಲೂ ನಿಲ್ಲದಿದ್ದರೆ ಧರೆಯ (ರಸ್ತೆ ಬದಿಯ ಗುಡ್ಡದ ಗೋಡೆಯ) ಕಡೆಗೆ ಒತ್ತಿ, ಚರಂಡಿಗೆ ಎರಡು ಚಕ್ರ ಇಳಿಸಿ, ಬಾಗಿಲ ಬದಿಯನ್ನು ಮಣ್ಣಿಗೆ ಉಜ್ಜಿ ನಿಲ್ಲಿಸಿ. ಬಾಡಿ ಹಾಳಾದರೂ ಪ್ರಪಾತದ ಕಡೆಗೆ ಹೋಗುವುದು ತಪ್ಪುತ್ತದೆ.

ಏರುವಾಗ

ಕಿರಿದಾದ ಗುಡ್ಡದ ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಹತ್ತುವ ಗಾಡಿಗೆ ಮೊದಲ ಹಕ್ಕು. ಇದು ನಿಯಮದಲ್ಲೇ ಇದೆ. ಕರಿಕೆ, ಕಕ್ಕಬೆ ಕಡೆಯ ರಸ್ತೆಗಳಲ್ಲಿ ಇಳಿಯುವವರು ಅಗಲವಿದ್ದ ಕಡೆ ಮೊದಲೇ ನಿಂತು ದಾರಿ ಕೊಡಬೇಕು. ಲೋಡಿನ ಗಾಡಿಯನ್ನು ಏರಿನ ನಡುವೆ ನಿಲ್ಲಿಸಿಬಿಟ್ಟರೆ ಮತ್ತೆ ಎತ್ತುವಾಗ ಸವೆಯುವುದು ಕ್ಲಚ್ ಪ್ಲೇಟ್.

ಏರಿನಲ್ಲಿ ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದಿಡಬೇಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಒಂದನೇ ಗೇರು ಹಾಕಿ, ಕ್ಲಚ್ಚನ್ನು ಗಾಡಿಯ ಮೂತಿ ಸ್ವಲ್ಪ ಮೇಲೇಳುವವರೆಗೆ ಬಿಡಿ, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಎಂಜಿನ್ ಸದ್ದು ಏರಿದರೂ ಗಾಡಿ ಅಷ್ಟಕ್ಕೆ ತಕ್ಕಂತೆ ಏಳುತ್ತಿಲ್ಲವಾದರೆ ಪ್ಲೇಟ್ ಜಾರುತ್ತಿದೆ. ಅದು ಇನ್ನೊಂದು ಘಾಟಿಗೆ ಬಾಳುವುದಿಲ್ಲ.

ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಕ್ಯಾಬಿನ್ ಬೇಯುತ್ತದೆ, ಎಂಜಿನ್ನಿನ ಶಾಖ ಒಂದಷ್ಟು ಹೊರಬೀಳುತ್ತದೆ. ನಿಲ್ಲಿಸಿದ ಮೇಲೆ ಕೆಲವು ನಿಮಿಷ ಐಡಲ್‌ನಲ್ಲಿ ಓಡಲಿ. ನೀರು ಸೋರಿ ಹೋಗಿದ್ದರೆ, ಬೆಲ್ಟ್ ಕಡಿದಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ. ರೇಡಿಯೇಟರ್ ಮುಚ್ಚಳವನ್ನು ಕೈಯಿಟ್ಟು ಹಿಡಿಯುವಷ್ಟು ತಣಿಯುವವರೆಗೆ ತೆರೆಯಬೇಡಿ. ತೋಟದ ಗಾಡಿಗಳಲ್ಲಿ ಬಿಸಿಯಾಗಲು ಸಾಮಾನ್ಯ ಕಾರಣ ರೇಡಿಯೇಟರ್ ಜಾಲರಿಯಲ್ಲಿ ಕೂತ ಕೆಮ್ಮಣ್ಣು ಮತ್ತು ಹುಲ್ಲಿನ ಹೂಳು. ಎಂಜಿನ್ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಜಾಲರಿಯ ಎಸಳು ಮಡಚಿ ಇನ್ನೂ ಕೆಡುತ್ತದೆ.

ಮಳೆ, ಮಂಜು, ಕೆಸರು

ಅತಿ ಹೆಚ್ಚು ಜಾರುವ ದಿನ ಜುಲೈನ ಧೋ ಮಳೆಯದಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೊದಲ ಅರ್ಧ ಗಂಟೆ. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ, ಟೈರಿನ ಪುಡಿ ಒದ್ದೆಯಾಗಿ ರಸ್ತೆಗೆ ಸಾಬೂನು ಬಳಿದಂತಾಗುತ್ತದೆ. ಅದರ ಮೇಲೆ ಸಿಲ್ವರ್ ಓಕಿನ ಎಲೆ. ಒಣಗಿದ್ದಾಗ ಗರಿಗರಿ ಇರುವ ಆ ಎಲೆಗಳು ನೆನೆದು ಒಂದರ ಮೇಲೊಂದು ಅಂಟಿಕೊಂಡಾಗ ಬೂಟಿನಡಿಯೇ ನಿಲ್ಲುವುದಿಲ್ಲ, ಇನ್ನು ಖಾಲಿ ಪಿಕಪ್ಪಿನ ಹಗುರ ಹಿಂಚಕ್ರ ನಿಲ್ಲುತ್ತದೆಯೇ? ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನೊಳಗೆ ಬ್ರೇಕ್ ಒತ್ತಬೇಡಿ.

ಖಾಲಿ ಪಿಕಪ್ ಸುರಕ್ಷಿತ ಎಂಬುದು ತಪ್ಪು ನಂಬಿಕೆ. ಅದರ ಸ್ಪ್ರಿಂಗು, ಹಿಂಟೈರಿನ ಗಾಳಿ ಎಲ್ಲವೂ ಲೋಡಿಗೆಂದು ಮಾಡಿದ್ದು. ಖಾಲಿ ಇದ್ದಾಗ ಹಿಂಭಾಗ ಕುಣಿಯುತ್ತದೆ, ಬೇಗ ಜಾರುತ್ತದೆ. ಮಳೆಗಾಲದಲ್ಲಿ ಖಾಲಿ ಓಡುವುದೇ ಹೆಚ್ಚಾದರೆ ಹಿಂದಿನ ಆಕ್ಸಲ್ ಮೇಲೆ ಮೂರು-ನಾಲ್ಕು ಮರಳಿನ ಚೀಲ, ಜಾರದ ಹಾಗೆ ಕಟ್ಟಿ ಇಡಿ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಲೋ ಬೀಮ್, ಇದ್ದರೆ ಫಾಗ್ ಲೈಟ್. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸಬೇಡಿ. ನಿಂತ ಗಾಡಿಯೋ ಓಡುವ ಗಾಡಿಯೋ, ಎಡಕ್ಕೆ ತಿರುಗುತ್ತದೋ ಬಲಕ್ಕೋ, ಹಿಂದಿನವರಿಗೆ ತಿಳಿಯುವುದಿಲ್ಲ. ಒಂದೇ ಗಾಡಿ ಹೋಗುವಷ್ಟು ಅಗಲದ ರಸ್ತೆಯಲ್ಲಿ, ಕಣ್ಣಿಗೆ ಕಾಣುವ ದೂರದ ಅರ್ಧದಲ್ಲಿ ನಿಲ್ಲಿಸುವಷ್ಟೇ ವೇಗ ಇರಲಿ. ಉಳಿದರ್ಧ ಎದುರಿನವರದು. ಗಾಜಿನ ಒಳಗಿನ ಮಬ್ಬಿಗೆ ಎಸಿಯನ್ನು ಗಾಜಿನ ಕಡೆಗೆ ತಿರುಗಿಸಿ. ಎಸಿ ಇಲ್ಲದಿದ್ದರೆ ಎರಡೂ ಕಿಟಕಿ ಎರಡು ಬೆರಳು ಇಳಿಸಿ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಂಗಳೂರು ಹೆದ್ದಾರಿಯೇ ಮುಚ್ಚಿತ್ತು. ಧಾರಾಕಾರ ಮಳೆಯಲ್ಲಿ ಧರೆಯಿಂದ ಇದ್ದಕ್ಕಿದ್ದಂತೆ ಕೆಸರು ನೀರು ಚಿಮ್ಮುತ್ತಿದ್ದರೆ, ಮರಗಳು ರಸ್ತೆ ಕಡೆಗೆ ಹೊಸದಾಗಿ ವಾಲಿದ್ದರೆ, ರಸ್ತೆಯ ಅಂಚಿನಲ್ಲಿ ಉದ್ದ ಬಿರುಕು ಕಂಡರೆ ಅಲ್ಲಿ ಗಾಡಿ ನಿಲ್ಲಿಸಿ ನೋಡುತ್ತಾ ಇರಬೇಡಿ. ಹಿಂದೆ ತಿರುಗಿ. ಮಳೆಗಾಲದಲ್ಲಿ ಜಿಲ್ಲಾಡಳಿತ ವಾಹನ ಸಂಚಾರಕ್ಕೆ ಆಗಾಗ ನಿರ್ಬಂಧ ಹೇರುತ್ತದೆ, ಹೊರಡುವ ಮುನ್ನ ವಿಚಾರಿಸಿ. ಭಾಗಮಂಡಲ-ನಾಪೋಕ್ಲು ಕಡೆ ಕಾವೇರಿ ರಸ್ತೆಗೆ ಬಂದಾಗ, ರಸ್ತೆಯಂಚಿನ ಕಲ್ಲುಗಳು ಕಾಣದಿದ್ದರೆ ಅಥವಾ ನೀರು ಹರಿಯುತ್ತಿದ್ದರೆ ಇಳಿಯಬೇಡಿ. ನಿಂತ ನೀರು ದಾಟಿದ ಮೇಲೆ ನೂರು ಮೀಟರ್ ನಿಧಾನವಾಗಿ ಬ್ರೇಕ್ ಒತ್ತಿಕೊಂಡೇ ಓಡಿಸಿ, ಡ್ರಮ್ಮಿನೊಳಗಿನ ನೀರು ಆರುತ್ತದೆ.

ತೋಟದ ಮಣ್ಣಿನ ದಾರಿಯಲ್ಲಿ ಚಕ್ರ ಒಮ್ಮೆ ಸುತ್ತಿದರೆ ತಕ್ಷಣ ಕಾಲು ತೆಗೆಯಿರಿ. ಸುತ್ತಿಸಿದಷ್ಟೂ ಗುಂಡಿ ಆಳವಾಗಿ ಆಕ್ಸಲ್ ನೆಲಕ್ಕೆ ಕೂರುತ್ತದೆ. ಚಕ್ರದ ಮುಂದೆ ಹಿಂದೆ ಮಣ್ಣು ಕೆರೆದು ಇಳಿಜಾರು ಮಾಡಿ, ಕಾಫಿ ಗಿಡ ಸವರಿದ ಕಡ್ಡಿ, ಜಲ್ಲಿ, ಗೋಣಿಚೀಲ ಹಾಸಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿ. ಚೀಲ ಹಾಸಿದ್ದರೆ ಚಕ್ರದ ನೇರಕ್ಕೆ ಯಾರೂ ನಿಲ್ಲಬಾರದು.

ಕಾಡಾನೆ ಎದುರಾದರೆ

ತಿತಿಮತಿ, ಮಾಲ್ದಾರೆ, ಸಿದ್ದಾಪುರ, ಪಾಲಿಬೆಟ್ಟ ಸುತ್ತ ಮುಂಜಾನೆ, ಮುಸ್ಸಂಜೆ ಆನೆ ರಸ್ತೆಯಲ್ಲೇ ಇರಬಹುದು. ಹಲಸು ಹಣ್ಣಾಗುವ ಕಾಲದಲ್ಲಿ ಇನ್ನೂ ಹೆಚ್ಚು. ಕಂಡ ತಕ್ಷಣ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಲೈಟ್ ಮಿನುಗಿಸುವುದು ಬೇಡ, ಎಂಜಿನ್ ಓಡುತ್ತಿರಲಿ, ರಿವರ್ಸ್ ಗೇರು ಸಿದ್ಧವಿರಲಿ. ಒಂದು ದಾಟಿತೆಂದು ನುಗ್ಗಬೇಡಿ, ಹಿಂದೆ ಮರಿಯೂ ಉಳಿದವೂ ಇರುತ್ತವೆ. ಹಲಸು, ಬಾಳೆಗೊನೆ, ಭತ್ತ ಹೇರಿದ್ದರೆ ಟಾರ್ಪಾಲು ಬಿಗಿದಿರಲಿ.

ವಾರಕ್ಕೊಮ್ಮೆ, ತಿಂಗಳಿಗೊಮ್ಮೆ

ಎಂಜಿನ್ ಆಯಿಲ್ ನೋಡುವುದು ಸಮತಟ್ಟು ನೆಲದಲ್ಲಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು. ಬದಲಿಸುವ ಕಿಲೋಮೀಟರ್ ಕೈಪಿಡಿಯಲ್ಲಿದೆ. ಆದರೆ ದಿನವಿಡೀ ತೋಟದೊಳಗೆ ಒಂದು-ಎರಡನೇ ಗೇರಿನಲ್ಲೇ ಓಡುವ ಗಾಡಿಯ ಮೀಟರ್ ಎಂಜಿನ್ನಿನ ನಿಜವಾದ ದುಡಿಮೆಯನ್ನು ತೋರಿಸುವುದಿಲ್ಲ. ಕೈಪಿಡಿಯಲ್ಲಿ ಕಠಿಣ ಬಳಕೆಗೆ ಹೇಳಿದ ಅಂತರವನ್ನೇ ಹಿಡಿಯಿರಿ.

ಡೀಸೆಲ್ ಫಿಲ್ಟರಿನ ನೀರು ತೆಗೆಯುವುದು ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಕ್ಯಾನಿನ ಡೀಸೆಲ್ ಹಾಕುವವರಾದರೆ ಹದಿನೈದು ದಿನಕ್ಕೊಮ್ಮೆ. ಎಂಜಿನ್ ಆಫ್ ಮಾಡಿ, ಫಿಲ್ಟರಿನ ತಳದಲ್ಲಿರುವ ತಿರುಪನ್ನು ಕೈಯಿಂದ ಸಡಿಲಿಸಿ, ಕೆಳಗೆ ಪಾರದರ್ಶಕ ಬಾಟಲಿ ಹಿಡಿಯಿರಿ. ಮೊದಲು ಬರುವುದು ನೀರು, ಬಾಟಲಿಯ ತಳದಲ್ಲಿ ಬೇರೆಯಾಗಿ ಗುಂಡುಗುಂಡಾಗಿ ಕೂರುತ್ತದೆ. ಶುದ್ಧ ಡೀಸೆಲ್ ಬರತೊಡಗಿದಾಗ ತಿರುಪು ಬಿಗಿದು, ಕೈಪಂಪು ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿ. ಈ ನೀರು ಮುಂದೆ ಹೋದರೆ ಹಾಳಾಗುವುದು ಪಂಪು ಮತ್ತು ಇಂಜೆಕ್ಟರ್, ಎರಡೂ ದುಬಾರಿ.

ಡಿಇಎಫ್ (ಹೊಗೆಯ ವಿಷಾನಿಲ ತಗ್ಗಿಸುವ) ದ್ರಾವಣ ಬೇಡುವ ಬಿಎಸ್6 ಗಾಡಿಯಾದರೆ ಸೀಲು ಮಾಡಿದ ಕ್ಯಾನಿನದನ್ನೇ ಹಾಕಿ. ಅದರಲ್ಲಿರುವುದು ಶೇ. 32.5 ಯೂರಿಯಾ ಎಂದು ತಿಳಿದು ಗೊಬ್ಬರದ ಯೂರಿಯಾ ಕರಗಿಸಿ ಸುರಿಯುವ ಯೋಚನೆ ಮಾಡಬೇಡಿ. ಗೊಬ್ಬರದ ಕಲ್ಮಶ ಮತ್ತು ಬೇವಿನ ಲೇಪ ನಳಿಕೆಯನ್ನೂ ಸೈಲೆನ್ಸರಿನೊಳಗಿನ ಕ್ಯಾಟಲಿಸ್ಟನ್ನೂ ಕಟ್ಟಿಬಿಡುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿ ತೋಟ ಬಿಟ್ಟು ಹೊರಗೆ ಹೋಗುವುದೇ ಇಲ್ಲವಾದರೆ ಮಸಿ ಕಟ್ಟಿ ದೀಪ ಉರಿಯುತ್ತದೆ. ಕುಶಾಲನಗರದಾಚೆಯ ನೇರ ರಸ್ತೆಯಂಥ ಕಡೆ ಇಪ್ಪತ್ತು ನಿಮಿಷ ಒಂದೇ ಹದದ ವೇಗದಲ್ಲಿ ಓಡಿಸಿದರೆ ಅದು ತಾನೇ ಸುಟ್ಟುಕೊಳ್ಳುತ್ತದೆ.

ಆಲ್ಟರ್ನೇಟರ್ ಬೆಲ್ಟನ್ನು ತಿರುವಿ ಒಳಮೈ ನೋಡಿ, ಅಡ್ಡ ಬಿರುಕು ಇದ್ದರೆ ಬದಲಿಸಿ. ಅನೇಕ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಬೆಲ್ಟ್ ಕಡಿದು ಬ್ಯಾಟರಿ ದೀಪ ಹತ್ತಿತೆಂದರೆ ಬ್ರೇಕಿನ ಬಲವೂ ಹೋಯಿತು.

ಸ್ಪ್ರಿಂಗ್ ಪ್ಲೇಟುಗಳ ಅಂಚಿನ ಮೇಲೆ ಟಾರ್ಚ್ ಬಿಟ್ಟು ನೋಡಿ. ಹೊಳೆಯುವ ಕಬ್ಬಿಣದ ಗೆರೆ ಅಥವಾ ಕೆಂಪು ತುಕ್ಕು ಇಳಿದ ಕಲೆ ಕಂಡರೆ ಪ್ಲೇಟ್ ಸೀಳಿದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ನಟ್ಟುಗಳನ್ನು ತಿಂಗಳಿಗೊಮ್ಮೆ ಬಿಗಿಯಿರಿ. ಅವು ಸಡಿಲವಾದರೆ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ ಓರೆಯಾಗುತ್ತದೆ, ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮತ್ತು ಶ್ಯಾಕಲ್ ಪಿನ್ನುಗಳಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ, ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಿ.

ಟೈರಿನ ಗಾಳಿ ಬಾಗಿಲಿನ ಸ್ಟಿಕ್ಕರಿನಲ್ಲಿರುವಷ್ಟೇ, ಟೈರು ತಣ್ಣಗಿದ್ದಾಗ. ಹಿಂದಿನದಕ್ಕೆ ಲೋಡಿನ ಅಂಕಿ ಬೇರೆ ಇರುತ್ತದೆ. ಕಾನೂನಿನ ಕನಿಷ್ಠ 1.6 ಮಿ.ಮೀ. ಹಲ್ಲು, ಆದರೆ ಜೂನ್ ಬರುವಾಗ 3 ಮಿ.ಮೀ.ಗಿಂತ ಕಡಿಮೆ ಇರುವ ಟೈರು ಕೊಡಗಿಗೆ ಸಾಲದು.

ತೊಟ್ಟಿಯ ನೆಲವನ್ನು ಎರಡು ಸಾಮಾನುಗಳು ತಿನ್ನುತ್ತವೆ: ಗೊಬ್ಬರ ಮತ್ತು ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ). ಪೊಟ್ಯಾಷ್ ಪುಡಿ ಸಂದಿಯಲ್ಲಿ ಕೂತು ತೇವ ಹೀರಿ ಉಪ್ಪುನೀರಾಗುತ್ತದೆ. ಮೈಲುತುತ್ತದ ನೀರು ಕಬ್ಬಿಣವನ್ನು ನೇರವಾಗಿ ತಿನ್ನುತ್ತದೆ. ಚೆಲ್ಲಿದ ಕಡೆ ತಾಮ್ರದ ಬಣ್ಣದ ಪದರ ಕಾಣುತ್ತದಲ್ಲ, ಅಷ್ಟು ಕಬ್ಬಿಣ ಕರಗಿದೆ ಎಂದೇ ಅರ್ಥ. ಅದೇ ಸಂಜೆ ನೀರು ಹೊಡೆದು, ಮೂಲೆಯ ತೂತುಗಳ ಮಣ್ಣು ಕಡ್ಡಿಯಿಂದ ಬಿಡಿಸಿ, ಮೂತಿ ಮೇಲೆ ಮಾಡಿ ನಿಲ್ಲಿಸಿ. ಶೆಡ್ಡಿನಲ್ಲಿ ದಿನಗಟ್ಟಲೆ ನಿಂತ ಗಾಡಿಯ ಬಾನೆಟ್ ತೆರೆದು ಇಲಿ ವೈರ್ ಕಡಿದಿದೆಯೇ, ಏರ್ ಫಿಲ್ಟರ್ ಡಬ್ಬದಲ್ಲಿ ಗೂಡು ಕಟ್ಟಿದೆಯೇ ನೋಡಿಯೇ ಸ್ಟಾರ್ಟ್ ಮಾಡಿ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ಒಟ್ಟು ತೂಕ 7,500 ಕೆಜಿವರೆಗಿನ ಸರಕು ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ.

ದಾರಿಯಲ್ಲಿ ಚಕ್ರ ಬದಲಿಸುವುದು

ಸ್ಟೆಪ್ನಿ ತೊಟ್ಟಿಯ ಅಡಿಯಲ್ಲಿ ಸರಪಳಿಗೆ ನೇತಾಡುತ್ತಿದ್ದರೆ ಮೂರು ತಿಂಗಳಿಗೊಮ್ಮೆ ಇಳಿಸಿ, ಗ್ರೀಸ್ ಹಚ್ಚಿ, ಗಾಳಿ ನೋಡಿ ಏರಿಸಿ. ಕೆಸರು ಕಟ್ಟಿ ತುಕ್ಕು ಹಿಡಿದ ತಿರುಪು ಬೇಕಾದ ದಿನ ತಿರುಗುವುದಿಲ್ಲ.

1. ತಿರುವಿನಿಂದ ದೂರ, ಸಮತಟ್ಟಾದ ಕಡೆಗೆ ನಿಧಾನವಾಗಿ ಒಯ್ಯಿರಿ. ರಿಮ್ ಹಾಳಾದರೂ ಸರಿ, ಇಳಿಜಾರಿನಲ್ಲಿ ಜಾಕಿ ಹಾಕಬೇಡಿ. ನಿಲ್ಲಿಸಿದ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ, ತ್ರಿಕೋನ ಫಲಕವನ್ನು ತಿರುವಿನ ಆಚೆಗೇ ಇಡಿ.
2. ಹ್ಯಾಂಡ್ ಬ್ರೇಕ್, ಒಂದನೇ ಗೇರು. ಬದಲಿಸುವ ಚಕ್ರದ ಕರ್ಣಕ್ಕಿರುವ ಚಕ್ರಕ್ಕೆ ಮುಂದೂ ಹಿಂದೂ ತುಂಡು ಕೊಡಿ. ಲೋಡು ಹೆಚ್ಚಿದ್ದರೆ, ಸಾಧ್ಯವಾದಷ್ಟು ಇಳಿಸಿ.
3. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ.
4. ಜಾಕಿಯ ಕೆಳಗೆ ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆ. ಕೊಡಗಿನ ನೆನೆದ ಮಣ್ಣಿನಲ್ಲಿ ಬರಿ ಜಾಕಿ ಹೂತುಹೋಗುತ್ತದೆ. ಎತ್ತಿದ ಗಾಡಿಯ ಅಡಿಗೆ ಕೈ, ತಲೆ ಹಾಕಬೇಡಿ. ಬಿಚ್ಚಿದ ಚಕ್ರವನ್ನು ಚಾಸಿಯ ಅಡಿಗೆ ಮಲಗಿಸಿಡಿ, ಜಾಕಿ ಜಾರಿದರೆ ಅದು ತಡೆಯುತ್ತದೆ.
5. ಹೊಸ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಪೂರ್ತಿ ಬಿಗಿ ಚಕ್ರ ನೆಲಕ್ಕಿಳಿದ ಮೇಲೆ.
6. ಚಕ್ರಕ್ಕೆ ಕೊಟ್ಟ ಕಲ್ಲು, ಮರದ ತುಂಡು ಎಲ್ಲವನ್ನೂ ರಸ್ತೆಯಿಂದ ತೆಗೆಯಿರಿ. ರಾತ್ರಿ ಬರುವ ಬೈಕಿನವರಿಗೆ ಅವು ಕಾಣುವುದಿಲ್ಲ. 50 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ.